ಹಿಕ್ಕಿಯ ಲೆಕ್ಕ

ಮೊದಲ ವಾರ ನಾನು ಕಲಿತದ್ದು ಇಷ್ಟೆ:
ಆಡಿನ ಹಿಕ್ಕಿ ಬೇರೆ, ಚಿಂಕಾರದ ಹಿಕ್ಕಿ ಬೇರೆ.
ಎರಡೂ ಕರಿ, ಎರಡೂ ಗುಂಡಗೆ,
ಎರಡೂ ಯಡಹಳ್ಳಿಯ ಬಿಸಿಲಿಗೆ ಒಂದೇ ದಿನದಲ್ಲಿ
ಹುರಿಗಡಲೆಯಂತೆ ಗಟ್ಟಿ.
ಲಗಮಣ್ಣ ಒಂದನ್ನು ಉಗುರಲ್ಲಿ ಸೀಳಿ ಮೂಗಿಗೆ ಹಿಡಿದ:
"ಇದು ಬಾರಿಹಣ್ಣು ತಿಂದೈತಿ. ಇದು ಊರಾಗಿನ ಕಣಿಕಿ.
ವಾಸನಿ ನೋಡ್ರಿ ಅಕ್ಕಾರ, ಅಂಜಬ್ಯಾಡ್ರಿ."
ನೋಡಿದೆ. ಎರಡೂ ಒಣಹುಲ್ಲು.
ನನ್ನ ಎಂಎಸ್ಸಿ ಮೂಗು ಏನೂ ಹೇಳಲಿಲ್ಲ.

ನಸುಕಿನ ಐದೂವರೆಗೆ ಹೊರಡುತ್ತಿದ್ದೆವು,
ದಿಣ್ಣೆಯ ಕಲ್ಲಿನಿಂದ ಕಮರಗಿಡದವರೆಗೆ
ಎರಡು ಕಿಲೋಮೀಟರು, ದಾರ ಎಳೆದಂತೆ.
ಕಂಟಿ ಬಂದರೂ ನೇರ, ಕೊರಕಲು ಬಂದರೂ ನೇರ,
ಹಾಗಂತ ವಿಧಾನ.
"ಕುರಿನೂ ಹಿಂಗ ನಡ್ಯಾಂಗಿಲ್ಲ" ಅಂದ ಲಗಮಣ್ಣ,
ಆದರೂ ನಡೆದ,
ಟೇಪಿನ ಇನ್ನೊಂದು ತುದಿ ಹಿಡಿದು,
ರಬಕವಿಯಲ್ಲಿ ನಾನು ಅಪ್ಪನಿಗೆ ಹಾಸಿನ ತುದಿ ಹಿಡಿದಂತೆ.
ಅಪ್ಪ ಎಳೆ ಎಣಿಸುತ್ತಿದ್ದ. ಒಂದು ತಪ್ಪಿದರೆ
ಇಡೀ ಸೀರೆ ಹೇಳಿಬಿಡುತ್ತದೆ ಅನ್ನುತ್ತಿದ್ದ.

ಇಪ್ಪತ್ತೊಂದು ದಿನ.
ಫಾರ್ಮಿನಲ್ಲಿ ಕಾಲಂ ಒಂಬತ್ತು:
ವೇಳೆ, ಗಾಳಿ, ಮೋಡ, ಪ್ರಾಣಿ,
ಗಂಡೋ ಹೆಣ್ಣೋ, ಎಷ್ಟು ಮೀಟರು ದೂರ.
ಕೌಜುಗ ಬರೆದೆ. ಮೊಲ ಬರೆದೆ.
ತೋಳದ ಹೆಜ್ಜೆ ಒಂದು, ಎಂದೋ ಒಣಗಿದ ಕೆಸರಿನಲ್ಲಿ,
ಅದರೊಳಗೆ ಇರುವೆ ಮನೆ ಮಾಡಿತ್ತು, ಅದನ್ನೂ ಬರೆದೆ.
ಚಿಂಕಾರದ ಎದುರು ಸೊನ್ನೆ.
ಸೊನ್ನೆಯೂ ಮಾಹಿತಿಯೇ ಎಂದರು ಧಾರವಾಡದ ಸರ್, ಫೋನಿನಲ್ಲಿ.
ಫೋನು ಹತ್ತುವುದು ನೀರಿನ ಟಾಕಿಯ ಮೇಲೆ ಮಾತ್ರ;
ಅಲ್ಲಿ ನಿಂತರೆ ಒಂದು ಕಡೆ ಕಬ್ಬು, ಸಕ್ಕರೆ ಕಾರ್ಖಾನೆಯ ಹೊಗೆ,
ಇನ್ನೊಂದು ಕಡೆ ಕಂಟಿ, ಕಂಟಿ, ಕಂಟಿ.
ಕನಸಿನಲ್ಲೂ ಹಿಕ್ಕಿ ಆರಿಸುತ್ತಿದ್ದೆ.

ಇಪ್ಪತ್ತೆರಡನೆಯ ದಿನ
ಕವಳಿ ಕಂಟಿಯ ಮಗ್ಗುಲಿಗೆ ಆಡು.
ಒಂದಲ್ಲ, ಹದಿಮೂರು.
ಒಂದರ ಕೊರಳಲ್ಲಿ ಕೆಂಪು ರಿಬ್ಬನ್ನು:
ನಿನ್ನೆ ಸತ್ಯವ್ವ ಬಡಿದ ರೊಟ್ಟಿ ತಿನ್ನುತ್ತ ಕೂತಾಗ
ನನ್ನ ಓಢಣಿ ಜಗಿದ ಅದೇ ಮರಿ.
ಆಡುಗಳ ಹಿಂದೆ ಯಾರೂ ಇರಲಿಲ್ಲ,
ಅಥವಾ ಇದ್ದವರು ಕಂಟಿಯ ಮರೆಗೆ ಕೂತಿದ್ದರು;
ಬಳೆ ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು.
ಲಗಮಣ್ಣ ಟೇಪು ಸುತ್ತತೊಡಗಿದ,
ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದ.
ಇದು ಅಭಯಾರಣ್ಯವಾದ ಮೇಲೆ ಅವನಿಗೆ ಸಿಕ್ಕದ್ದು
ಒಂದು ಖಾಕಿ ಅಂಗಿ, ದಿನಗೂಲಿ, ಒಂದು ಸೀಟಿ.
ಅವನ ಅಪ್ಪ ಮೇಯಿಸಿದ್ದು ಇಲ್ಲೇ.
ಮೇಯಿಸಬಾರದೆಂಬ ಬೋರ್ಡಿಗೆ
ಹಾರಿ ಹಿಡಿದು ಕುಣಿ ತೋಡಿದವನೂ ಇವನೇ.

"ಬರೀರಿ," ಅಂದ, ನನ್ನ ಕಡೆ ನೋಡದೆ.
"ಇದ್ದದ್ದು ಬರೀಬೇಕಲ್ಲ."

ಬರೆದೆ. ಆಡು: ಹದಿಮೂರು. ದೂರ: ನಲವತ್ತು ಮೀಟರು.
ಗಾಳಿ: ಮೂಡಣದಿಂದ, ಅಷ್ಟಕ್ಕಷ್ಟೆ.
ಯಾರವು ಎಂಬ ಕಾಲಂ ಇರಲಿಲ್ಲ.
ಷರಾ ಅಂತ ಒಂದಿತ್ತು, ಅಂಗೈ ಅಗಲದ ಖಾಲಿ,
ಅದರ ಮೇಲೆ ಪೆನ್ನು ನಿಂತಿತು
ಬಳೆ ಮತ್ತೊಮ್ಮೆ ಸದ್ದು ಮಾಡುವಷ್ಟು ಹೊತ್ತು.
ಒಂದು ಎಳೆ. ಗೊತ್ತಿದ್ದೇ
ಹಾಗೇ ಬಿಟ್ಟೆ.

ಮರಳುವಾಗ ಅವನು ಗೆರೆ ಬಿಟ್ಟು ನಡೆದ.
ನಾನು ಏನೂ ಕೇಳಲಿಲ್ಲ.
ಕೊರಕಲಿನ ಆಚೆ, ಬಾರಿಗಿಡದ ಬುಡದಲ್ಲಿ
ಗಂಗಾಳದಷ್ಟು ಜಾಗ, ಕಾಲಲ್ಲಿ ಕೆರೆದು ಹಸನು ಮಾಡಿದಂತೆ,
ತುಂಬ ಹಿಕ್ಕಿ. ಹಳೆಯದು ಬೂದಿ, ಹೊಸದು ಮಿರಿಮಿರಿ.
"ದಿನಾ ಇಲ್ಲೇ ಬರತೈತಿ. ನಮ್ಮಪ್ಪನ ಕಾಲಕ್ಕೂ ಇಲ್ಲೇ."
ಕೂತೆ. ಒಂದನ್ನು ಉಗುರಲ್ಲಿ ಸೀಳಿದೆ.
ಒಳಗೆ ಹಸಿರು, ಇನ್ನೂ ಹಸಿ,
ಬಾರಿಹಣ್ಣಿನ ಹುಳಿ ಮೂಗಿಗೆ ಬಂತು,
ನಿಜವಾಗಿ ಬಂತು.
ನಮ್ಮ ಗೆರೆಯಿಂದ ಎಷ್ಟು ದೂರ, ನಡೆದು ಎಣಿಸಿದೆ:
ಅರವತ್ತು ಹೆಜ್ಜೆ.
ಇಪ್ಪತ್ತೊಂದು ದಿನ ನಾವು ಮಾತಾಡುತ್ತ ಹಾದುಹೋದದ್ದು
ಇಲ್ಲಿ ನಿಂತು ಕೇಳಿಸಿಕೊಂಡಿರಬೇಕು ಅದು.

ಗೆರೆಯ ಮೇಲಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ.
ಆ ದಿನದ ಫಾರ್ಮಿನಲ್ಲೂ ಸೊನ್ನೆ.
ರಾತ್ರಿ ರೊಟ್ಟಿ ಮುರಿಯುವಾಗ ನೋಡಿದೆ,
ಎರಡು ಸಲ ತೊಳೆದ ಕೈ,
ಉಗುರ ಸಂದಿಯಲ್ಲಿ ಹಸಿರು.